ಸಮುದ್ರವನ್ನು ಎಲ್ಲಿ ಇಡುವುದು

ಸ್ಟೇಶನ್ ಬಜಾರದ ಹೋಟೆಲುಗಳಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಮಂಡಕ್ಕಿಯ ಸುಸಲಾಕ್ಕೆ ಒಗ್ಗರಣೆ ಬೀಳುತ್ತದೆ. ಇವತ್ತು ಬಸ್‌ಸ್ಟ್ಯಾಂಡಿಗೆ ಹೊರಟಿದ್ದ ನನ್ನ ಆಟೋ, ಸಾಮಾನು ಇಳಿಸುತ್ತಿದ್ದ ಟೆಂಪೋ ಒಂದರ ಹಿಂದೆ ಸಿಕ್ಕಿಹಾಕಿಕೊಂಡಿತು. ಎದುರಿಗೇ ಹೋಟೆಲು. ಸಾಸಿವೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿಯ ವಾಸನೆ ನೇರ ಬಂದು ಮೂಗಿಗೆ ಬಡಿಯಿತು. ನಿಮಗಾದರೆ ಬಾಯಲ್ಲಿ ನೀರು ಬಂದೀತು. ನನಗೆ ಬಂದದ್ದು ಸೌಟಿಗೆ ಹೇಳುವ ‘ಲೇಡಲ್’ ಎಂಬ ಪದ. ಅದರ ಬೆನ್ನಿಗೇ ಲಿಡ್, ಪೀಲ್, ಸ್ಟರ್, ಬಾಯಿಲ್, ಗ್ರೈಂಡ್ ಎಂದು ಉಳಿದವೂ ಸಾಲುಗಟ್ಟಿ ಬಂದವು. ಆಟೋದವನು ಹಾರ್ನ್ ಒತ್ತುತ್ತ ಟೆಂಪೋದವನ ವಂಶಾವಳಿಯನ್ನು ಉರ್ದುವಿನಲ್ಲಿ ವಿಚಾರಿಸುತ್ತಿದ್ದರೆ, ನಾನು ಹಿಂದೆ ಕೂತು ಅಡುಗೆಮನೆಯ ಇಂಗ್ಲಿಷ್ ಪದಗಳನ್ನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೆ. ಇದು ಹಳೆಯ ರೋಗ. ಹತ್ತಿಸಿಕೊಂಡವಳು ನಾನೇ, ನನ್ನಿಂದ ಕಮಲಾಪುರದ ಎಷ್ಟೋ ಮಕ್ಕಳಿಗೂ ಹತ್ತಿದೆ.

ಕಮಲಾಪುರದ ಸರ್ಕಾರಿ ಶಾಲೆಯೊಂದರಲ್ಲಿ ಆರು, ಏಳು, ಎಂಟನೆಯ ತರಗತಿಗಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ, ಹೋಗಿ ಬರಲು ದಿನಾಲು ಬಸ್ಸು. ಚೆನ್ನಾಗಿ ಕಲಿಸುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇಂಥ ಮಾತನ್ನು ಬೇರೆಯವರು ಹೇಳಬೇಕು ಎನ್ನುವುದು ನನಗೆ ಗೊತ್ತು. ಆದರೆ ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆ ನನ್ನ ಸ್ವಭಾವದಲ್ಲಿ ಇಲ್ಲ.

ನಾನು ಇಂಗ್ಲಿಷ್ ಕಲಿತ ಬಗೆಯನ್ನು ಕೇಳಿದರೆ ನೀವು ನಕ್ಕೀರಿ. ನಮ್ಮ ಮಾಸ್ತರರ ಅಪ್ಪಣೆಯಂತೆ ದಿನಕ್ಕೆ ಹತ್ತು ಪದ, ಅಕ್ಷರಮಾಲೆಯ ಕ್ರಮದಲ್ಲಿ, ಒಂದೊಂದನ್ನೂ ಐದೈದು ಸಲ ಬರೆಯಬೇಕು. ಮೊದಲ ದಿನವೇ ‘ಅಬ್ಯಾಂಡನ್’, ಅಂದರೆ ತ್ಯಜಿಸು. ಹನ್ನೊಂದು ವರ್ಷದ ನಾನು ಏನನ್ನು ತ್ಯಜಿಸಬೇಕಿತ್ತೋ ದೇವರೇ ಬಲ್ಲ. ತ್ಯಜಿಸುವಂಥದ್ದು ಎಂದು ನನ್ನ ಹತ್ತಿರ ಇದ್ದದ್ದು ಒಂದು ಕಂಪಾಸ್ ಡಬ್ಬಿ. ‘ಸಿ’ ಅಕ್ಷರ ಮುಗಿಯುವ ಹೊತ್ತಿಗೆ ವರ್ಷವೂ ಮುಗಿಯಿತು, ಮಾಸ್ತರರಿಗೂ ವರ್ಗವಾಯಿತು. ಇವತ್ತಿಗೂ ಎ, ಬಿ, ಸಿಯಿಂದ ಶುರುವಾಗುವ ಪದಗಳಲ್ಲಿ ನನ್ನನ್ನು ಸೋಲಿಸುವುದು ಕಷ್ಟ. ಮುಂದಿನವುಗಳಲ್ಲಿ ಸ್ವಲ್ಪ ಹುಷಾರಾಗಿ ನಡೆಯುತ್ತೇನೆ.

ಬೇರೆ ದಾರಿ ತೋರಿಸಿದವರು ನಮ್ಮ ಅತ್ತೆಯವರು, ಅವರಿಗೇ ಗೊತ್ತಿಲ್ಲದ ಹಾಗೆ. ಅವರದು ಮೂರು ಭಾಷೆ. ದೇವರ ಮನೆಯಲ್ಲಿಯೂ ಸಿಟ್ಟು ಬಂದಾಗಲೂ ಮರಾಠಿ, ಉಳಿದ ಹೊತ್ತೆಲ್ಲ ಕನ್ನಡ, ಬಳೆ ಅಂಗಡಿಯಲ್ಲಿ ಉರ್ದು. ಅಲ್ಲಿ ಕೂತರೆ ಬಣ್ಣಗಳ ಹೆಸರನ್ನೆಲ್ಲ ಉರ್ದುವಿನಲ್ಲಿ ಪಟಪಟನೆ ಹೇಳಿ ಅಂಗಡಿಯವನನ್ನೇ ಸುಸ್ತು ಮಾಡುತ್ತಾರೆ. ಮನೆಗೆ ಬಂದ ಮೇಲೆ ಅದೇ ಬಣ್ಣಕ್ಕೆ ಉರ್ದುವಿನಲ್ಲಿ ಏನು ಎಂದು ಕೇಳಿದರೆ ತಡವರಿಸುತ್ತಾರೆ. ‘ಅಲ್ಲಿ ಹೋದ್ರ ಬರ್ತದವಾ’ ಎನ್ನುತ್ತಾರೆ. ಪದಕ್ಕೆ ಒಂದು ಜಾಗವಿರಬೇಕು ಎಂಬುದು ನನಗೆ ಹೊಳೆದದ್ದು ಆಗ. ಜಾಗ ಬಿಟ್ಟರೆ ಪದ ಬರುವುದಿಲ್ಲ ಎಂಬುದೂ ಅದೇ ಮಾತಿನಲ್ಲಿತ್ತು. ನನಗೆ ಬೇಕಾದಷ್ಟನ್ನು ಕೇಳಿಸಿಕೊಂಡು ಎದ್ದು ಬಂದೆ.

ಹಾಗಾಗಿ ಶಾಲೆಯ ಅಂಗಳವನ್ನು ಹಂಚಿದೆ. ಬಿಸಿಯೂಟದ ಕೋಣೆಯ ಹಿಂದಿನ ಜಾಗ ಅಡುಗೆಯ ಪದಗಳಿಗೆ. ವರಾಂಡದ ಕೊನೆಯ ಮೆಟ್ಟಿಲು ದವಾಖಾನೆ. ಬೇವಿನ ಮರದ ಬುಡ ಸಂತೆ, ಗೇಟಿನ ಪಕ್ಕ ಬಸ್‌ಸ್ಟ್ಯಾಂಡ್. ಕಂಪೌಂಡಿನ ಆಚೆ ತೊಗರಿ ಹೊಲ ಕಾಣುತ್ತಿತ್ತು, ಆ ಗೋಡೆಯ ಹತ್ತಿರ ಒಕ್ಕಲುತನ. ಒಂದು ವಾರ ಒಂದು ಜಾಗ. ಅಲ್ಲೇ ನಿಂತು ಮಾತಾಡಬೇಕು, ಕೈಯಲ್ಲಿ ವಸ್ತು ಹಿಡಿದೇ ಹೆಸರು ಹೇಳಬೇಕು, ನೋಟ್‌ಬುಕ್ಕು ಆಮೇಲೆ. ಸಂತೆಯಲ್ಲಿ ಬದನೆಕಾಯಿಗೆ ಇಂಗ್ಲಿಷಿನಲ್ಲಿ ಎಷ್ಟು ಚೌಕಾಸಿ ನಡೆಯಿತೆಂದರೆ, ಎರಡು ದಿನ ಕಳೆದ ಮೇಲೆ ಆ ಬದನೆಕಾಯಿಯನ್ನು ದನವೂ ಮೂಸಿ ನೋಡಲಿಲ್ಲ.

ಬಿಸಿಯೂಟದ ನಾಗಮ್ಮ ಮಾತ್ರ ಮೊದಲ ದಿನ ಸೌಟು ಹಿಡಿದೇ ಬಾಗಿಲಿಗೆ ಬಂದಳು. ‘ನಿಮ್ಮ ಇಂಗ್ಲಿಷ್ ನಿಮ್ಮ ಕ್ಲಾಸಿನ್ಯಾಗ ಇಟ್ಕೋರಿ ಟೀಚರ್ರಿ. ಇಲ್ಲಿ ಬ್ಯಾಳಿ ಹೊತ್ತತದ’ ಎಂದಳು. ‘ನಿನ್ನ ಕೈಯಾಗಿನ ಸೌಟಿಗೇ ಪಾಠ ನಾಗಮ್ಮ, ಐದು ಮಿನಿಟು ಅಷ್ಟ’ ಎಂದೆ. ಐದು ಮಿನಿಟು ಎಂದರೆ ಶಾಲೆಯಲ್ಲಿ ಎಷ್ಟು ಎಂಬುದು ಅವಳಿಗೂ ಗೊತ್ತಿತ್ತು. ಗೊಣಗುತ್ತ ಜಾಗ ಬಿಟ್ಟಳು. ಒಂದು ವಾರ ಕಳೆಯುವುದರೊಳಗೆ, ‘ಏ, ಲಿಡ್ ಮುಚ್ರೋ, ನೊಣ ಕೂಡ್ತಾವ!’ ಎಂದು ಅವಳು ಕೂಗುವುದು ನಮ್ಮ ಕ್ಲಾಸಿಗೆ ಕೇಳಿಸತೊಡಗಿತು. ನಾನು ಆ ದಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಊರಿಗೆ ಬಂದೆ.

ಗೆಲುವು ತಲೆಗೇರಿದಾಗ ಮನುಷ್ಯ ಮಾಡುವ ಕೆಲಸವನ್ನು ನಾನೂ ಮಾಡಿದೆ. ಏಳನೆಯ ತರಗತಿಯ ಪುಸ್ತಕದಲ್ಲಿ ಸಮುದ್ರ ದಂಡೆಯ ಒಂದು ಪಾಠವಿತ್ತು. ಒಂದು ಕುಟುಂಬ ರಜೆಗೆ ಅಲ್ಲಿ ಹೋಗುತ್ತದೆ, ಟೊಪ್ಪಿಗೆ ಹಾಕಿದ ಹುಡುಗ ಮರಳಿನ ಕೋಟೆ ಕಟ್ಟುತ್ತಾನೆ, ಅಲೆ ಬಂದು ಕೆಡಿಸುತ್ತದೆ. ಕಮಲಾಪುರದ ಮಕ್ಕಳಿಗೆ ನಾನು ಅಲೆ ಎಲ್ಲಿಂದ ತರಲಿ? ನೋಡಿದ ವಸ್ತುವಿನಿಂದಲೇ ಪದ ಎಂಬುದು ನನ್ನ ಸಿದ್ಧಾಂತ. ಹೆಡ್‌ಮಾಸ್ತರರ ಟೇಬಲ್ಲಿನ ಮೇಲಿದ್ದ ಸ್ಟೇಪ್ಲರ್ ತಂದು, ಅಷ್ಟೂ ಮಕ್ಕಳ ಪುಸ್ತಕದಲ್ಲಿ ಆ ಹಾಳೆಗಳಿಗೆ ಪಿನ್ನು ಹೊಡೆದುಬಿಟ್ಟೆ. ‘ಇದು ನಮ್ಮ ಪಾಠ ಅಲ್ಲ. ನೋಡಲಾರದ್ದರ ಹೆಸರು ತಗೊಂಡು ಏನ್ ಮಾಡ್ತೀರಿ?’ ಎಂದೆ. ಮಕ್ಕಳು ಚಪ್ಪಾಳೆ ಹೊಡೆದರು. ಪಾಠ ಕಡಿಮೆಯಾದರೆ ಅಳುವ ಮಕ್ಕಳನ್ನು ನಾನಂತೂ ಕಂಡಿಲ್ಲ.

ಅಂಬಿಕಾ ಆ ವರ್ಷ ಏಳನೆಯ ತರಗತಿಯಲ್ಲಿದ್ದಳು. ಅವಳ ಅಪ್ಪ ಶರಣಪ್ಪ ಹೆದ್ದಾರಿಯ ಪಕ್ಕ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆಗಳನ್ನು ತೂಗುಹಾಕಿಕೊಂಡು ಮಾರುತ್ತಿದ್ದ. ಹುಡುಗಿಗೆ ಮಾತು ಕಡಿಮೆ. ಕ್ಲಾಸಿನಲ್ಲಿ ಹೆಸರು ಕೂಗಿದರೆ ಹಾಜರಿ ಹೇಳುವುದಕ್ಕೂ ಯೋಚನೆ ಮಾಡುವಳು. ದವಾಖಾನೆಯ ಮೆಟ್ಟಿಲ ಮೇಲೆ ನಿಲ್ಲಿಸಿದರೆ ಮಾತ್ರ ಬೇರೆಯೇ ಹುಡುಗಿ. ‘ಓಪನ್ ಯುವರ್ ಮೌತ್’ ಎಂದು ರೋಗಿಯನ್ನು ಗದರಿಸುವಳು, ‘ಟೇಕ್ ರೆಸ್ಟ್, ನೋ ಮಿರ್ಚಿ’ ಎಂದು ಪಥ್ಯವನ್ನೂ ಹೇಳುವಳು. ಬೆಂಚಿನ ಮೇಲೆ ಬಾಯಿ ಬಿಡದ ಹುಡುಗಿಯನ್ನು ಮಾತಾಡಿಸಿದೆ ಎಂದು ನಾನು ಮನೆಯಲ್ಲಿ ಎಷ್ಟು ಸಲ ಹೇಳಿಕೊಂಡೆನೋ. ಕೊನೆಗೆ ಅತ್ತೆಯವರು ಮರಾಠಿಯಲ್ಲಿ ‘ಪುರೇ’, ಅಂದರೆ ಸಾಕು, ಎಂದರು.

ಒಂದು ದಿನ ಹೆಡ್‌ಮಾಸ್ತರರು ನನ್ನ ಕ್ಲಾಸಿಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ತುಂಬಿದ ನೋಟ್‌ಬುಕ್ಕು ಕಾಣದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಂಬಿಕಾಳನ್ನು ನಿಲ್ಲಿಸಿ, ‘ಜ್ವರಕ್ಕ ಇಂಗ್ಲಿಷಿನ್ಯಾಗ ಏನಂತಾರವಾ?’ ಎಂದು ಕೇಳಿದರು. ಹುಡುಗಿ ಬೆಂಚು ಬಿಟ್ಟು ಹೊರಗೆ ಹೊರಟಳು. ವರಾಂಡದ ಉದ್ದಕ್ಕೂ ನಡೆದು, ಕೊನೆಯ ಮೆಟ್ಟಿಲ ಮೇಲೆ ನಿಂತು, ಅಲ್ಲಿಂದ ‘ಫೀವರ್, ಸರ್!’ ಎಂದು ಕೂಗಿದಳು.

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ‘ಮೇಡಂ, ಇಂಗ್ಲಿಷ್ ಕಲಸಾಕತ್ತೀರೋ, ಕವಾಯತ್ ಮಾಡಸಾಕತ್ತೀರೋ?’ ಎಂದರು. ಮಕ್ಕಳು ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಒಬ್ಬೊಬ್ಬರನ್ನೇ ಕೇಳಿ ನೋಡಿದೆ. ಎಲ್ಲರದೂ ಅದೇ ಕಥೆ. ಒಬ್ಬ ‘ಚಿಲ್ಲರೆ’ಗೆ ಇಂಗ್ಲಿಷ್ ಬೇಕೆಂದರೆ ಬೇವಿನ ಮರದ ಕಡೆ ಕತ್ತು ಹೊರಳಿಸುತ್ತಾನೆ, ಇನ್ನೊಬ್ಬಳು ‘ಮುಚ್ಚಳ’ಕ್ಕೆ ನಾಗಮ್ಮನ ಕೋಣೆಯ ದಾರಿ ಹಿಡಿಯುತ್ತಾಳೆ. ಪದಗಳನ್ನು ನಾನು ಅಷ್ಟು ಗಟ್ಟಿಯಾಗಿ ನೆಟ್ಟಿದ್ದೆ, ಕಿತ್ತು ಒಯ್ಯುವ ಹಾಗೇ ಇರಲಿಲ್ಲ.

ಅದೇ ಹೊತ್ತಿಗೆ ಸುದ್ದಿ ಬಂತು. ಕಲಬುರಗಿಯ ವಸತಿ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಕೆಲವು ಸೀಟು ಖಾಲಿ ಇವೆ, ಪರೀಕ್ಷೆ ಬರೆದು ಸೇರಬಹುದು. ಅಂಬಿಕಾ ಬಸ್ಸಿನ ಕಿಟಕಿಯಿಂದ ಆ ಶಾಲೆಯನ್ನು ಎಷ್ಟೋ ಸಲ ನೋಡಿದ್ದಳಂತೆ. ದೊಡ್ಡ ಕಿಟಕಿಯ ಲೈಬ್ರರಿ, ಸಂಜೆ ಒಟ್ಟಿಗೆ ಕೂತು ಓದುವ ಹುಡುಗಿಯರು. ಒಂದು ಮಧ್ಯಾಹ್ನ ನನ್ನ ಹಿಂದೆಯೇ ಗೇಟಿನವರೆಗೆ ಬಂದು, ‘ಟೀಚರ್ರಿ, ನಾ ಆ ಸಾಲಿಗೇ ಹೋಗಬೇಕ್ರಿ’ ಎಂದಳು. ಅಷ್ಟು ಉದ್ದದ ವಾಕ್ಯವನ್ನು ಅವಳು ಪಾಠದ ಹೊರಗೆ ಆಡಿದ್ದು ಅದೇ ಮೊದಲು. ನಾನು ಅವತ್ತೇ ಶರಣಪ್ಪನ ಹತ್ತಿರ ಹೋದೆ. ‘ಸೀಟ್ ಸಿಕ್ರ ಖುಷಿಲೇ ಕಳಸ್ತೀನ್ರಿ ಟೀಚರ್ರಿ. ಪರೀಕ್ಷಾದ್ದು ನನಗೇನ್ ಗೊತ್ತದ? ಹುಡುಗಿ ನಿಮ್ಮ ಜಿಮ್ಮಾ’ ಎಂದು ಹೊಣೆಯನ್ನು ನನಗೇ ಒಪ್ಪಿಸಿದ. ‘ನನ್ನ ಜಿಮ್ಮಾ ಅಂದಮ್ಯಾಲೆ ಸೀಟು ಸಿಕ್ಕಂಗೇ ಅಂತ ತಿಳಕೋ’ ಎಂದು ನಾನು ಹೇಳಿಬಂದೆ. ಕೇಳಿದರಲ್ಲ, ನನ್ನ ಧೈರ್ಯ.

ಪರೀಕ್ಷೆಗೆ ಎರಡು ತಿಂಗಳಿತ್ತು. ಪರೀಕ್ಷೆಯ ಕೋಣೆಯಲ್ಲಿ ಬೇವಿನ ಮರವಿರುವುದಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದೆ, ಮಧ್ಯಾಹ್ನಕ್ಕೆ ಮರೆತಳು. ಕಣ್ಣು ಮುಚ್ಚಿ ನೆನೆಸಿಕೋ ಎಂದೆ, ನಿದ್ದೆ ಹೋದಳು. ದಾರಿ ಕಂಡುಕೊಂಡವಳು ಅವಳೇ. ಒಂದು ದಿನ ನೋಡುತ್ತೇನೆ, ಬೆಂಚಿನ ಹಲಗೆಯ ಮೇಲೆ ಎರಡು ಬೆರಳು ನಡೆಸುತ್ತಿದ್ದಾಳೆ. ‘ಇದೇನವಾ?’ ಎಂದರೆ, ‘ಇದು ಗೇಟ್ರಿ, ಇದು ಗಿಡ, ಇದು ನಾಗಮ್ಮಕ್ಕನ ಖೋಲಿ’ ಎಂದು ಹಲಗೆಯ ಅಂಚು, ಮೂಲೆ, ಗಂಟು ಎಲ್ಲ ತೋರಿಸಿದಳು. ಇಡೀ ಶಾಲೆಯನ್ನು ಬೆಂಚಿನ ಮೇಲೆ ಇಳಿಸಿಕೊಂಡಿದ್ದಳು. ‘ಬ್ಯಾಂಡೇಜ್’ ಬೇಕೆಂದರೆ ಬೆರಳು ದವಾಖಾನೆ ಎಂದುಕೊಂಡಿದ್ದ ಬಲಗಡೆಯ ಮೂಲೆಗೆ ಓಡುತ್ತಿತ್ತು, ಪದ ಸಿಗುತ್ತಿತ್ತು. ನನಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕು ಎನಿಸಿತು.

ಪರೀಕ್ಷೆಯ ದಿನ ಶರಣಪ್ಪ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿದ್ದ. ನಾವಿಬ್ಬರೂ ಆ ಶಾಲೆಯ ಹೊರಗೆ, ಗೋಡೆಯ ನೆರಳಿನಲ್ಲಿ ನಿಂತು ಕಾದೆವು. ಅವನು ಬಾಳೆಯ ವಿಷಯ ಹೇಳುತ್ತಿದ್ದ. ನಾನು ನನ್ನ ವಿಷಯ ಹೇಳುತ್ತಿದ್ದೆ. ಹುಡುಗಿ ಹೊರಗೆ ಬಂದಳು, ಮುಖದಲ್ಲಿ ಏನೂ ಇರಲಿಲ್ಲ.

‘ಹ್ಯಾಂಗಾತು?’ ಎಂದೆ.

‘ಎಲ್ಲಾ ಬರದೀನ್ರಿ. ಒಂದು ದೊಡ್ಡ ಪ್ರಶ್ನಿ ಬಿಟ್ಟೀನಿ. ಸಮುದ್ರದ ಚಿತ್ರ ಕೊಟ್ಟಿದ್ರು. ಅದನ್ನ ನೋಡಿ ಪದ ತುಂಬಿ ಬರೀರಿ ಅಂತ ಇತ್ತು.’ ಎರಡು ಬೆರಳನ್ನು ಅಂಗೈ ಮೇಲೆ ನಡೆಸಿ ತೋರಿಸಿದಳು. ‘ಬೆರಳು ಎಲ್ಲಾ ಕಡೆ ತಿರಗಿಸಿ ನೋಡಿದೆ ಟೀಚರ್ರಿ. ನಮ್ಮ ಸಾಲ್ಯಾಗ ಅದು ಎಲ್ಲೂ ಇದ್ದಿಲ್ರಿ.’

ನಾನು ಪಿನ್ನು ಹೊಡೆದ ಹಾಳೆಗಳು ಕಣ್ಣ ಮುಂದೆ ಬಂದವು. ಕೆಲವು ವಾರಗಳ ನಂತರ ಆಯ್ಕೆಯಾದವರ ಪಟ್ಟಿಯನ್ನೂ ಪಕ್ಕದಲ್ಲಿ ಎಲ್ಲರ ಅಂಕಗಳ ಪಟ್ಟಿಯನ್ನೂ ಅಂಟಿಸಿದರು, ಮೊದಲನೆಯದರಲ್ಲಿ ಅವಳ ಹೆಸರು ಇರಲಿಲ್ಲ. ಕಡೆಯ ಸೀಟು ಪಡೆದವಳಿಗೂ ಇವಳಿಗೂ ಇದ್ದ ಅಂತರ ಆ ಒಂದು ಪ್ರಶ್ನೆಯಷ್ಟೂ ಇರಲಿಲ್ಲ. ಅದನ್ನು ನಾನು ಗೋಡೆಯ ಮುಂದೆ ನಿಂತು ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ.

ಕಮಲಾಪುರಕ್ಕೆ ಹೋಗಿ ಶರಣಪ್ಪನಿಗೆ ನಾನೇ ಹೇಳಿದೆ. ತಪ್ಪು ನನ್ನದು, ಆ ಪಾಠವನ್ನು ನಾನೇ ಬಿಡಿಸಿದ್ದೆ ಎಂದೆ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಗೊನೆಯೊಂದನ್ನು ಸರಿಮಾಡಿ ತೂಗುಹಾಕಿ, ‘ಹೇಳಿಕೊಟ್ಟಿದ್ದು ಒಂದೂ ತಪ್ಪಿಲ್ಲ ಅಂತಾಳ್ರಿ ಆಕಿ. ಹೇಳಿಕೊಡಲಾರದ್ದು ಎಲ್ಲಿಂದ ಬರಬೇಕ್ರಿ ಟೀಚರ್ರಿ?’ ಎಂದ. ಅಷ್ಟೇ. ಬರುವಾಗ ಎಂದಿನಂತೆ ನಾಲ್ಕು ಹಣ್ಣು ಕೈಗೆ ಕೊಟ್ಟ. ಬಸ್ಸಿನಲ್ಲಿ ಅವು ನನ್ನ ತೊಡೆಯ ಮೇಲಿದ್ದವು, ತಿನ್ನಲು ಆಗಲಿಲ್ಲ. ಬಹಳ ನಾಚಿಕೆಯಾಯಿತು ನನಗೆ. ದುಃಖಕ್ಕಿಂತ ನಾಚಿಕೆಯೇ ಹೆಚ್ಚು.

ಯಾಕೆಂದು ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ. ನೋಡಿದ ವಸ್ತುವಿನಿಂದಲೇ ಪದ ಎಂಬ ಸಿದ್ಧಾಂತವನ್ನು ನಾನು ನಂಬಿದ್ದು ಖರೆ, ಇವತ್ತಿಗೂ ನಂಬುತ್ತೇನೆ. ಆದರೆ ಸ್ಟೇಪ್ಲರ್ ಎತ್ತಿಕೊಂಡದ್ದಕ್ಕೆ ಕಾರಣ ಅದಲ್ಲ. ಸಮುದ್ರವನ್ನು ನಾನೂ ನೋಡಿರಲಿಲ್ಲ. ಪಾಠ ಶುರು ಮಾಡಿದರೆ ಯಾವುದಾದರೂ ಮಗು ಎದ್ದು ನಿಂತು, ‘ನೀವು ನೋಡೀರೇನ್ರಿ?’ ಎಂದು ಕೇಳುತ್ತದೆ ಎಂಬ ಭಯ. ಮೈಲುಗಟ್ಟಲೆ ದೂರದ ನೀರಿಗೆ ಹೆದರಿ ಹಾಳೆಗೆ ಪಿನ್ನು ಹೊಡೆದ ಹೆಂಗಸು ನಾನು.

ಜೂನ್ ತಿಂಗಳಲ್ಲಿ ಅಂಬಿಕಾ ನಮ್ಮಲ್ಲೇ ಎಂಟನೆಯ ತರಗತಿಗೆ ಬಂದು ಕೂತಳು. ಮೊದಲ ವಾರವೇ ಹಳೆಯ ಏಳನೆಯ ತರಗತಿಯ ಪುಸ್ತಕ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ತಲೆಯ ಪಿನ್ನಿನಿಂದ ಸ್ಟೇಪ್ಲರ್ ಪಿನ್ನುಗಳನ್ನು ಎಬ್ಬಿಸಿ ತೆಗೆದಿದ್ದಳು. ಹಾಳೆಯ ಅಂಚಿನಲ್ಲಿ ತೂತುಗಳು ಉಳಿದಿದ್ದವು.

‘ಟೀಚರ್ರಿ, ಇದನ್ನ ನಮ್ಮ ಸಾಲ್ಯಾಗ ಎಲ್ಲಿ ಇಡೂಣ್ರಿ? ನೀವು ನೋಡೀರಲ್ರಿ, ನೀವೇ ಹೇಳ್ರಿ.’

ಒಂದು ಸುಳ್ಳು ಬಾಯಿಯವರೆಗೆ ಬಂದಿತ್ತು. ಮುಂಬೈಯಲ್ಲಿ ನಮ್ಮವರು ಇದ್ದಾರೆ, ಒಮ್ಮೆ ನೋಡಿದ್ದೆ ಎಂದರೆ ಮುಗಿಯುತ್ತಿತ್ತು. ಆ ಹುಡುಗಿಯ ಎದುರು ಅದು ಹೊರಡಲಿಲ್ಲ. ‘ಇಲ್ಲ ಅಂಬಿಕಾ, ನಾನೂ ನೋಡಿಲ್ಲ’ ಎಂದೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ‘ಮತ್ತ ಮೊದಲೇ ಹೇಳಬೇಕಿಲ್ರಿ? ಇಬ್ಬರೂ ಕೂಡಿ ಓದ್ತಿದ್ವಿ’ ಎಂದಳು.

ತರಬೇತಿಗಳಲ್ಲಿ ಎಷ್ಟೋ ಜನ ದೊಡ್ಡವರು ನನಗೆ ಬೋಧನಾ ವಿಧಾನ ಹೇಳಿಕೊಟ್ಟಿದ್ದಾರೆ. ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ವರಾಂಡದಲ್ಲಿ ಅತ್ತಿತ್ತ ನೋಡಿ, ಹೆಡ್‌ಮಾಸ್ತರರು ಹಳೆಯ ಸಾಮಾನು ತುಂಬಿ ಬೀಗ ಜಡಿದಿದ್ದ ಖೋಲಿಯನ್ನು ತೋರಿಸಿದಳು. ‘ಅದರೊಳಗ ಇಡೂಣ್ರಿ. ಅದನ್ನೂ ಯಾರೂ ನೋಡಿಲ್ಲ, ಇದನ್ನೂ ಯಾರೂ ನೋಡಿಲ್ಲ’ ಎಂದಳು.

ಹಾಗೆ ನಮ್ಮ ಶಾಲೆಯಲ್ಲಿ ಸಮುದ್ರ ಬೀಗದ ಖೋಲಿಯೊಳಗೆ ಬಂತು. ಬಾಗಿಲ ಮುಂದೆ ಕೂತು ನಾನು ಪುಸ್ತಕ ಓದುತ್ತಿದ್ದೆ, ನನಗೆ ಗೊತ್ತಿಲ್ಲದಲ್ಲಿ ಗೊತ್ತಿಲ್ಲ ಎನ್ನುತ್ತಿದ್ದೆ. ಮಕ್ಕಳು ಬಾಗಿಲಿಗೆ ಕಿವಿಯಿಟ್ಟು ‘ವೇವ್’, ಸಂದಿನಲ್ಲಿ ಇಣುಕಿ ‘ಶೋರ್’ ಎನ್ನುತ್ತಿದ್ದರು. ಒಳಗೆ ಇಲಿ ಓಡಾಡಿದರೆ ‘ಕ್ರ್ಯಾಬ್!’ ಎಂದು ಕಿರುಚಿ ಹಿಂದೆ ಸರಿಯುತ್ತಿದ್ದರು. ಹೆಡ್‌ಮಾಸ್ತರರು ಬೀಗದ ಕೈ ಕೊಡಲು ತಾವಾಗಿಯೇ ಬಂದರು. ಮಕ್ಕಳು ಬೇಡವೆಂದರು. ಇಂಗ್ಲಿಷಿನ ಬೇರೆ ಯಾವ ಪದವನ್ನೂ ಆ ವರ್ಷ ನಮ್ಮ ಮಕ್ಕಳು ಅಷ್ಟು ಚೆನ್ನಾಗಿ ಕಲಿಯಲಿಲ್ಲ. ಕಲಿತ ಮೇಲೆ ಜಾಗ ಬದಲಿಸಿ ಕೇಳುವುದನ್ನೂ ರೂಢಿ ಮಾಡಿದೆ. ದವಾಖಾನೆಯ ಪದವನ್ನು ಸಂತೆಯಲ್ಲಿ, ಸಂತೆಯದನ್ನು ಗೇಟಿನಲ್ಲಿ. ವಿಧಾನ ನನ್ನದು, ಒಳ್ಳೆಯದು, ಯಾರು ಬೇಕಾದರೂ ಬಂದು ನೋಡಬಹುದು. ಆದರೆ ಅದಕ್ಕಾಗಿ ಒಂದು ಹುಡುಗಿ ಸೀಟು ಕಳೆದುಕೊಂಡಳು. ಆಮೇಲೆ ಅವಳು ಕಮಲಾಪುರದಲ್ಲೇ ಓದಿ ಚೆನ್ನಾಗಿ ಪಾಸಾದಳು. ಅದು ಅವಳ ದುಡಿಮೆ. ದೊಡ್ಡ ಕಿಟಕಿಯ ಲೈಬ್ರರಿಯಲ್ಲಿ ಅವಳು ಕೂರಬೇಕಿದ್ದ ವರ್ಷಗಳನ್ನು ನಾನು ತಂದುಕೊಡಲಾರೆ.

ಇವತ್ತಿನ ಆಟೋ ಹೇಗೋ ಟೆಂಪೋದಿಂದ ಬಿಡಿಸಿಕೊಂಡಿತು, ಬಸ್ಸು ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು. ಅಂಬಿಕಾ ಈಗ ಕಲಬುರಗಿಯ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ದಿನಾ ಬೆಳಿಗ್ಗೆ ಅವಳು ಈ ಕಡೆ ಬರುತ್ತಾಳೆ, ನಾನು ಆ ಕಡೆ ಹೋಗುತ್ತೇನೆ, ನಮ್ಮ ಬಸ್ಸುಗಳು ಮಹಾಗಾಂವದ ಹತ್ತಿರ ಎದುರಾಗುತ್ತವೆ. ಕಂಡರೆ ಕೈಯೆತ್ತುತ್ತಾಳೆ. ಇವತ್ತು ರಸ್ತೆಯಲ್ಲಿ ಜೋಳದ ಚೀಲದ ಟ್ರ್ಯಾಕ್ಟರ್ ಒಂದು ಕೆಟ್ಟು ನಿಂತಿತ್ತು. ಎರಡೂ ಬಸ್ಸು ಕಿಟಕಿಗೆ ಕಿಟಕಿ ತಾಗುವ ಹಾಗೆ ನಿಂತವು, ನೋಡಿದರೆ ಎದುರಿಗೆ ಅವಳೇ.

‘ಟೀಚರ್ರಿ!’ ಎಂದು ಕೂಗಿದಳು. ಹಾಜರಿ ಹೇಳಲು ಯೋಚಿಸುತ್ತಿದ್ದ ಹುಡುಗಿಯ ದನಿಗೆ ಎರಡೂ ಬಸ್ಸಿನವರು ತಿರುಗಿ ನೋಡಿದರು. ‘ನೋಡಿದ್ರೇನ್ರಿ ಸಮುದ್ರ?’

‘ಇನ್ನಾ ಇಲ್ಲವಾ!’ ನಾನೂ ಅಷ್ಟೇ ಜೋರಾಗಿ ಕೂಗಿದೆ. ಕಂಡಕ್ಟರ್, ಮುಂದಿನ ಸೀಟಿನ ಇಬ್ಬರು ಮಾಸ್ತರರು, ಮಹಾಗಾಂವಕ್ಕೆ ಇಳಿಯಲು ಬುಟ್ಟಿ ಎತ್ತಿಕೊಂಡು ನಿಂತಿದ್ದ ಹೆಂಗಸರು, ಎಲ್ಲರೂ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎನಿಸಿತು.

‘ನಾನೂ ಇಲ್ರಿ!’ ಎಂದು ನಕ್ಕಳು. ಅವಳ ಬಸ್ಸು ಮುಂದೆ ಹೋಯಿತು.

ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಮೊಣಕೈ ತಟ್ಟಿ, ‘ಸಮುದ್ರ ಅಂದ್ರ ಹ್ಯಾಂಗಿರ್ತದ್ರಿ ಬಾಯಾರ?’ ಎಂದು ಕೇಳಿದಳು. ನಾನು ಚೀಲದಿಂದ ಏಳನೆಯ ತರಗತಿಯ ಪುಸ್ತಕ ತೆಗೆದೆ. ‘ನನಗೂ ಗೊತ್ತಿಲ್ಲವಾ, ಬಾ, ಕೂಡಿ ನೋಡೂಣು’ ಎಂದು ಅವಳ ಕಡೆ ಸರಿದು ಕೂತೆ.